ಉಲ್ಲೇಖವಿಲ್ಲದ ಗೆರೆ

‘ದೋಷಗಳು’ ಎಂಬ ಅಂಕಣ ಇನ್ನೂ ಖಾಲಿಯಾಗಿಯೇ ಇತ್ತು.

‘ಗುಣಗಳು’ ಮೂರು ಪುಟ ತುಂಬಿ ನಾಲ್ಕನೆಯದಕ್ಕೆ ಕಾಲಿಟ್ಟಿತ್ತು. ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಇಪ್ಪತ್ತಾರು ವರ್ಷ ಪುಸ್ತಕಗಳಿಗೆ ವಿಷಯಸೂಚಿ ತಯಾರಿಸಿದವನು ಯಾವುದನ್ನೂ ಹೀಗೆ ಬಾಯ್ತುಂಬ ಹೊಗಳಿದವನಲ್ಲ. ಹೊಗಳುವವರನ್ನು ಕಂಡರೆ ಅವನಿಗೆ ಒಳಗೊಳಗೇ ನಗು.

ನಿರ್ದೇಶಕರು ವರದಿಯನ್ನು ತಿರುವಿಹಾಕಿ ಕನ್ನಡಕ ತೆಗೆದರು.

“ಏನ್ರೀ ಇದು, ಹುಡುಗಿ ಕಡೆಯವರು ಹುಡುಗಿ ಬಗ್ಗೆ ಹೇಳಿದ ಹಾಗಿದೆ?”

“ಇರೋದನ್ನೇ ಬರೆದಿದ್ದೀನಿ ಸಾರ್.”

“ಇರಬಹುದು. ಎರಡಾದ್ರೂ ದೋಷ ಹಾಕಿ. ಇಲ್ದಿದ್ರೆ ನಿಮಗೂ ಅವರಿಗೂ ಏನೋ ನೆಂಟಸ್ತನ ಅಂತಾರೆ. ನಾಲ್ಕು ಗಂಟೆಗೆ ಅವರೇ ಬರ್ತಾರೆ.”

ಅವರು ಎಂದರೆ, ಸಂಸ್ಥೆ ಕೊಳ್ಳಬಹುದೇ ಎಂದು ಅವನು ಪರೀಕ್ಷಿಸುತ್ತಿದ್ದ ತಂತ್ರಾಂಶವನ್ನು ಬರೆದ ಹೆಂಗಸು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತರಾದವರು. ಕಂಪನಿಯಿಲ್ಲ, ಸಹಾಯಕರಿಲ್ಲ; ಊಟದ ಮೇಜಿನ ಮೇಲೆ ಆರು ವರ್ಷ ಕೂತು ಬರೆದದ್ದು. ಒಬ್ಬ ಮನುಷ್ಯ ಓದಿದ್ದು, ಕೇಳಿದ್ದು, ಕಂಡದ್ದನ್ನೆಲ್ಲ ಇಟ್ಟುಕೊಳ್ಳುವುದಕ್ಕೆ. ಇಂಥ ಬೇರೆ ತಂತ್ರಾಂಶಗಳು ಟಿಪ್ಪಣಿಗಳನ್ನು ಅಟ್ಟಕ್ಕೆ ಹಳೇ ಪಾತ್ರೆ ಎಸೆದ ಹಾಗೆ ತುಂಬಿಕೊಳ್ಳುತ್ತವೆ. ಇದು ನಕ್ಷೆ ಬಿಡಿಸುತ್ತದೆ. ಪ್ರತಿ ವಿಷಯವೂ ಒಂದು ಬಿಂದು. ಎರಡು ವಿಷಯಗಳ ಸಂಬಂಧ ಒಂದು ಗೆರೆ. ಆ ಸಂಬಂಧದಲ್ಲಿ ಯಾರದು ಯಾವ ಪಾತ್ರ ಎಂದು ಹೇಳಬೇಕು. ಆಮೇಲೆ ಉಲ್ಲೇಖ: ಈ ಸಂಬಂಧವನ್ನು ಎಲ್ಲಿ ಕಂಡಿರಿ? ಒಂದು ಪುಟ, ಒಂದು ಪತ್ರ, ಯಾರೋ ಆಡಿದ ಒಂದು ಮಾತು, ಯಾವುದಾದರೂ ನಡೆದೀತು. ಏನೂ ಇಲ್ಲದಿದ್ದರೆ ಗೆರೆ ತುಂಡುತುಂಡಾಗಿಯೇ ಉಳಿಯುತ್ತದೆ.

ಹತ್ತು ದಿನಗಳಲ್ಲಿ ಅವನು ತನ್ನ ನಾಲ್ಕು ಸಾವಿರ ಟಿಪ್ಪಣಿಗಳನ್ನು ಅದಕ್ಕೆ ಉಣ್ಣಿಸಿದ್ದ. ಎಂದೋ ಒಂದು ಊರಿನ ಬಾವಿ ಬತ್ತಿದ್ದರ ಬಗ್ಗೆ ಬರೆದಿಟ್ಟಿದ್ದ. ಹದಿನೈದು ವರ್ಷಗಳ ಮೇಲೆ, ಹಸ್ತಪ್ರತಿ ನಕಲು ಮಾಡುವ ಒಂದು ಮನೆತನ ಇದ್ದಕ್ಕಿದ್ದಂತೆ ಬರೆಯುವುದನ್ನೇ ನಿಲ್ಲಿಸಿದ್ದರ ಬಗ್ಗೆ ಬರೆದಿಟ್ಟಿದ್ದ. ಊರು ಒಂದೇ, ಎರಡೂ ನಡೆದ ವರ್ಷವೂ ಒಂದೇ. ಎರಡೂ ಪರದೆಯ ಮೇಲೆ ಕೈಕೈ ಹಿಡಿದು ಬಂದು ನಿಂತಾಗ ಅವನು ಕುರ್ಚಿಯಿಂದ ಎದ್ದೇಬಿಟ್ಟ. ತನಗೆ ಗೊತ್ತಿದ್ದದ್ದು ತನಗೇ ಗೊತ್ತಿರಲಿಲ್ಲ.

ಇಂಥದರಲ್ಲಿ ದೋಷ ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ. ವಿದ್ವತ್ತಿಗೆ ಸೋಲದ್ದು ಮನೆವಾರ್ತೆಗೆ ಸೋತೀತು ಎಂದುಕೊಂಡ.

‘ನಾನು’ ಎಂದು ಒಂದು ಬಿಂದು ಇಟ್ಟ. ‘ಹೆಂಡತಿ’ ಎಂದು ಇನ್ನೊಂದು. ಸಂಬಂಧ: ಮದುವೆ. ಪಾತ್ರ: ಗಂಡ. ತಂತ್ರಾಂಶ ಎಲ್ಲವನ್ನೂ ವಿನಯದಿಂದ ಒಪ್ಪಿಕೊಂಡು ಕೊನೆಗೆ ಕೇಳಿತು: ಉಲ್ಲೇಖ?

ಮದುವೆಯ ಪ್ರಮಾಣಪತ್ರ ಹಾಕಬಹುದಿತ್ತು. ತಂತ್ರಾಂಶದ ತಕರಾರೇನೂ ಇರಲಿಲ್ಲ. ಅವನಿಗೇ ಒಪ್ಪಿಗೆಯಾಗಲಿಲ್ಲ.

ನಾಲ್ಕು ಸಾವಿರದಲ್ಲಿ ಅವಳು ಇದ್ದದ್ದು ಮೂರು ಕಡೆ. ನಲ್ಲಿ ರಿಪೇರಿಯವನ ನಂಬರು ಅವಳ ಹತ್ತಿರ ಇದೆ. ಅವಳ ರಕ್ತದ ಗುಂಪು. ಮೂರನೆಯದು, ‘ಅವಳಿಗೆ ಹೇಳಬೇಕು’. ಏನನ್ನು ಎಂದು ಬರೆದಿರಲಿಲ್ಲ.

ಮನೆಗೆ ಫೋನ್ ಮಾಡಿದ.

“ನಾನು ನಿಂಗೆ ಹೇಳಿದ ಒಂದು ಮಾತು ನೆನಪಿದ್ಯಾ?”

“ಯಾವ ಮಾತು?”

“ಯಾವುದಾದ್ರೂ.”

ಆ ಕಡೆ ಮಿಕ್ಸಿಯ ಸದ್ದು ನಿಂತಿತು. “ಸಂಜೆ ಕಣ್ಣಾಸ್ಪತ್ರೆಗೆ ಬರ್ತೀನಿ ಅಂದಿದ್ರಿ.”

“ಅದಲ್ಲ. ಹಳೇದು.”

“ಹಳೇದಾ?” ಮಿಕ್ಸಿಯ ಮುಚ್ಚಳ ತೆಗೆದ ಸದ್ದು. “ನೀವು ಮಾತಾಡೋದೇ ಕಮ್ಮಿ ಅಲ್ವಾ. ಇರಿ, ಒಲೆ ಮೇಲೆ ಹಾಲಿದೆ. ಐದು ಗಂಟೆಗೆ, ಮರೀಬೇಡಿ.”

ದೋಷ ಸಿಕ್ಕಿತು. ‘ಪ್ರತಿ ಸಂಬಂಧಕ್ಕೂ ಉಲ್ಲೇಖ ಕೇಳುವುದು ಅತಿಯಾದ ಕಟ್ಟುನಿಟ್ಟು, ಬಳಸುವವರಿಗೆ ಅನಗತ್ಯ ಕಿರಿಕಿರಿ’ ಎಂದು ಬರೆದ. ವಾಕ್ಯ ಚೊಕ್ಕವಾಗಿ ಬಂತು. ನಂಬದ ಮಾತುಗಳು ಅವನ ಕೈಯಲ್ಲಿ ಯಾವಾಗಲೂ ಚೊಕ್ಕವಾಗಿಯೇ ಬರುತ್ತಿದ್ದವು.

ಭೂಗೋಳದ ಮೇಡಂ ನಾಲ್ಕಕ್ಕೆ ಸರಿಯಾಗಿ ಬಂದರು. ಗುಣಗಳ ಪುಟಗಳನ್ನು ಬೇರೆ ಯಾರದೋ ಅಂಕಪಟ್ಟಿಯೆಂಬಂತೆ ಸರಸರ ಮಗುಚಿದರು. ದೋಷವನ್ನು ಎರಡು ಸಲ ಓದಿದರು.

“ಇದನ್ನ ಆಫ್ ಮಾಡೋಕೆ ಬರುತ್ತೆ. ಸೆಟ್ಟಿಂಗ್ಸ್‌ನಲ್ಲಿ, ಎಲ್ಲಕ್ಕಿಂತ ಕೆಳಗಡೆ. ಎಲ್ಲರೂ ಮೊದಲು ಕೇಳಿದ್ದು ಅದನ್ನೇ.”

“ಎಲ್ಲರೂ?”

“ಮನೆಯವರನ್ನ ಹಾಕಿದ ಕೂಡ್ಲೇ ಕೇಳ್ತಾರೆ.”

ಅವನು ಕೆಮ್ಮಿದ. “ನೀವು ಆಫ್ ಮಾಡ್ಕೊಂಡಿದ್ದೀರಾ?”

“ನಾನಾ? ಯಜಮಾನ್ರು ತೀರ್ಕೊಂಡ ವರ್ಷಾನೇ ನಾನು ಇದನ್ನ ಬರೆಯೋಕೆ ಕೂತಿದ್ದು. ಎಲ್ಲಾ ಗೆರೆನೂ ಕೂಡ್ಕೊಂಡವು. ಅವರದೊಂದು ಮಾತ್ರ ಇನ್ನೂ ತುಂಡುತುಂಡಾಗೇ ಇದೆ.” ಪೆನ್ನಿನ ಮುಚ್ಚಳ ಹಾಕಿದರು. “ಇರ್ಲಿ ಅಂತ ಬಿಟ್ಟಿದ್ದೀನಿ.”

ಬಚ್ಚಿಡುವ ದಾರಿಯನ್ನು ಊರಿಗೆಲ್ಲ ತಾವೇ ಮಾಡಿಕೊಟ್ಟು, ತಮ್ಮ ಖಾಲಿಯನ್ನು ದಿನವೂ ಕಣ್ಣಿಗೆ ಬೀಳುವಲ್ಲಿ ಇಟ್ಟುಕೊಂಡ ಈ ಹೆಂಗಸಿನ ಎದುರು ಎದ್ದು ನಿಲ್ಲಬೇಕೆನಿಸಿತು ಅವನಿಗೆ. ಕೂತೇ ಇದ್ದ.

“ಆ ವಾಕ್ಯ ತೆಗೆದುಬಿಡ್ತೀನಿ ಮೇಡಂ.”

“ಬೇಡ, ಇರ್ಲಿ. ನಿಮ್ಮ ಸಾಹೇಬರು ಈಗಷ್ಟೇ ಹೇಳಿದ್ರು, ಎರಡು ಬೇಕಂತಲ್ಲ? ಅಕ್ಷರ ತೀರಾ ಸಣ್ಣದು ಅಂತಾನೂ ಹಾಕಿ. ಅದು ನಿಜಾನೇ.”

ಅದನ್ನೂ ಸೇರಿಸಿದ. ಕೆಳಗೆ ‘ಕೊಳ್ಳಲು ಶಿಫಾರಸು ಮಾಡಿದೆ’ ಎಂದು ಬರೆದು ಸಹಿ ಹಾಕಿದ. ಅವರು ಹೋದ ಮೇಲೂ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದ. ಆಫ್ ಮಾಡುವ ಗುಂಡಿ ಅವರು ಹೇಳಿದಲ್ಲೇ ಇತ್ತು. ಒತ್ತಲಿಲ್ಲ, ಉಲ್ಲೇಖಕ್ಕೆ ಬರೆಯಲು ಏನೂ ಹೊಳೆಯಲೂ ಇಲ್ಲ.

ಕಣ್ಣಾಸ್ಪತ್ರೆ ತಲುಪುವಾಗ ಆರಾಗಿತ್ತು. ಪರೀಕ್ಷೆ ಮುಗಿಸಿಕೊಂಡು ಅವಳು ಎದುರು ಬದಿಯ ಫುಟ್‌ಪಾತಿನಲ್ಲಿ ಒಬ್ಬಳೇ ನಿಂತಿದ್ದಳು. ನೋಟ ಮಂಜಾಗಿಸುವ ಹನಿಯನ್ನು ಕಣ್ಣಿಗೆ ಬಿಟ್ಟಿದ್ದರು. ಇಳಿಬಿಸಿಲಿಗೆ ಅಂಗೈ ಅಡ್ಡ ಹಿಡಿದಿದ್ದಳು.

ರಸ್ತೆ ದಾಟುವ ಬಿಳಿ ಪಟ್ಟೆಗಳನ್ನು ಅಂದೇ ಬಳಿದಂತಿತ್ತು. ಬಳಿಯುವಾಗ ಯಾರದೋ ಕಾರು ಅಡ್ಡ ನಿಂತಿದ್ದಿರಬೇಕು. ಕೆಲಸದವರು ಅದರ ಸುತ್ತಲೇ ಬಳಿದು ಹೋಗಿದ್ದರು. ಈಗ ಕಾರು ಇರಲಿಲ್ಲ. ಪಟ್ಟೆಗಳ ನಡುವೆ ಕಾರಿನಷ್ಟೇ ಉದ್ದಗಲದ ಕರಿಯ ಜಾಗ.

ಅಲ್ಲಿಯವರೆಗೆ ನಡೆದು ಕೈ ಎತ್ತಿದ. ಅವಳು ಇವನತ್ತಲೇ ನೋಡಿದಳು. ಗುರುತಿಲ್ಲದವರಿಗೆ ನಗುವ ಹಾಗೆ ಸಣ್ಣಗೆ ನಕ್ಕು, ದಾರಿ ಬಿಟ್ಟು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಕೂಗಲು ಬಾಯಿ ತೆರೆದ. ಎರಡೂ ಕಡೆಯಿಂದ ಹಾರನ್ನುಗಳು ಶುರುವಾದವು. ಆ ಕರಿಯ ಜಾಗದ ನಟ್ಟನಡುವೆ, ಎತ್ತಿದ ಕೈ ಎತ್ತಿದಂತೆಯೇ, ಅವನು ನಿಂತಿದ್ದ.