ಫೆರಿ ಲ್ಯಾಂಪ್ಸ್ ಜೋಡಿಯ ಎಡಗೈ

ಇಂಗ್ಲೆಂಡಿನ ಹಲ್ ಊರಿನಲ್ಲಿ ಹೇಜಲ್ ಬ್ಲೆಂಕಿನ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಚಾಪೆಲ್ ಎಂಬ ಪುಟ್ಟ ಚರ್ಚಿನಲ್ಲಿ ಭಾನುವಾರ ಆರ್ಗನ್ ನುಡಿಸುವ ಮುದುಕಿ ಅಂದರೆ ಒಂದಿಬ್ಬರು ತಲೆಯಾಡಿಸಿಯಾರು. ಆದರೆ ಫೆರಿ ಲ್ಯಾಂಪ್ಸ್ ಅಂದು ನೋಡಿ, ಹುಬ್ಬಿಗೆ ರಿಂಗು ಚುಚ್ಚಿಕೊಂಡ ಹುಡುಗ ಹುಡುಗಿಯರೆಲ್ಲ ಕಿವಿ ನಿಮಿರಿಸುತ್ತಾರೆ. ಎಂಬತ್ತರ ದಶಕದ ಆರಂಭದಲ್ಲಿ ಎರಡು ವರ್ಷವೂ ಬಾಳದ ಜೋಡಿ ಅದು. ಹಾಡಲು ನೆವಿಲ್ ಸ್ಟೇದರ್ಸ್, ಸಿಂಥಸೈಜರ್ ಎಂಬ ವಿದ್ಯುತ್ ಕೀಬೋರ್ಡ್ ನುಡಿಸಲು ಹೇಜಲ್. ಒಂದೇ ಆಲ್ಬಂ, ಒಂದೇ ಸಲ ಟೀವಿ. ಟೀವಿಯಲ್ಲಿ ರೆಕಾರ್ಡ್ ಹಾಕಿ ತುಟಿ ಆಡಿಸುವುದೇ ಆಗಿನ ಪದ್ಧತಿ. ಹೇಜಲ್ ವೈರನ್ನೇ ಸಿಕ್ಕಿಸದ ವಾದ್ಯದ ಮೇಲೆ ಬೆರಳಾಡಿಸಿ ಬಂದಳು. ‘ಯಂತ್ರದ ಪಕ್ಕ ನಿಲ್ಲಿಸಿದ ಗೊಂಬೆ’ ಎಂದು ಒಂದು ಪತ್ರಿಕೆ ಬರೆಯಿತು. ಬರೆದವನಿಗೆ ಕಿವಿ ಇದ್ದದ್ದು ಕನ್ನಡಕ ಸಿಕ್ಕಿಸಲಿಕ್ಕೆ ಮಾತ್ರ ಅಂತ ಕಾಣುತ್ತದೆ.

ಅವರ ಹಾಡುಗಳಲ್ಲಿ ಡ್ರಮ್ ಇರಲಿಲ್ಲ. ಕೆಳಗೆ ಗುಂಯ್‌ಗುಡುವ ಮಂದ್ರ ಸ್ವರಗಳೇ ತಾಳ. ಅದನ್ನು ಯಂತ್ರ ತಾನಾಗಿ ನುಡಿಸುತ್ತದೆಂದು ಎಲ್ಲರೂ ತಿಳಿದಿದ್ದರು, ಹೇಜಲ್‌ಗೆ ಬೆನ್ನು ಹಾಕಿ ಹಾಡುತ್ತಿದ್ದ ನೆವಿಲ್ ಕೂಡ. ನುಡಿಸುತ್ತಿದ್ದದ್ದು ಹೇಜಲ್‌ಳ ಎಡಗೈ. ನೆವಿಲ್‌ನ ದನಿಯೇನೋ ಜೇನು, ತಾಳ ಮಾತ್ರ ಸೊನ್ನೆ. ಪ್ರತಿ ಸಾಲನ್ನೂ ಒಂದು ಉಸಿರು ತಡವಾಗಿ ಎತ್ತಿಕೊಳ್ಳುವ ಆಸಾಮಿ. ಹೇಜಲ್ ಹುಡುಗಿಯಾಗಿದ್ದಾಗಿನಿಂದ ಚಾಪೆಲ್ ಆರ್ಗನ್ ಮುಂದೆ ಕೂತವಳು. ಅಲ್ಲಿ ಮುದುಕರು ಸ್ತೋತ್ರವನ್ನು ಎಳೆದೆಳೆದು ಹಾಡುತ್ತಾರೆ, ಅವರ ಉಸಿರು ತಿರುಗುವವರೆಗೆ ಆರ್ಗನ್ ಕಾಯಬೇಕು. ಅದೇ ರೂಢಿಯಲ್ಲಿ ಅವಳು ನೆವಿಲ್‌ಗೂ ಕಾದಳು. ಹೇಳಿದರೆ ಅವನಿಗೆ ಅವಮಾನವಾದೀತೆಂದು ಬಾಯಿ ಬಿಡಲಿಲ್ಲ. ಅವನ ಮೇಲೆ ಅವಳಿಗೆ ಅಷ್ಟು ಪ್ರೀತಿಯಿತ್ತು.

ಹೆಸರು ಬಂದದ್ದೇ ತಡ, ನೆವಿಲ್ ಲಂಡನ್ನಿಗೆ ಹೊರಟ. “ಈ ಗುಂಯ್ ಗುಂಯ್ ಯಾವ ಯಂತ್ರ ಬೇಕಾದ್ರೂ ಮಾಡುತ್ತೆ ಕಣೆ, ಅದಕ್ಕೆ ನೀನೇ ಆಗ್ಬೇಕಾ?” ಅಂದಿದ್ದ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ! ಅಲ್ಲಿ ಅವನು ಒಬ್ಬನೇ ಮಾಡಿದ ರೆಕಾರ್ಡುಗಳು ಒಂದೊಂದಾಗಿ ನೆಲ ಕಚ್ಚಿದವು. ಕುಣಿಯಲಾರದವಳು ನೆಲ ಡೊಂಕು ಅಂದಂತೆ ಅವನು ವಾದ್ಯದವರನ್ನೆಲ್ಲ ಬೈದ. ಹೇಜಲ್‌ಗೆ ಸುದ್ದಿ ತಲುಪುತ್ತಿತ್ತು. ಯಂತ್ರವೇ ಸಾಕೆಂದ ಅವನ ಮಾತು ಮೀನಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು, ಅವಳು ಒಂಟಿಯಾಗಿಯೇ ಮುದುಕಿಯಾದಳು. ಅವಳಿಗಿದ್ದದ್ದು ಒಂದೇ ಆಸೆ. ಆ ತಾಳ ನುಡಿಸಿದ್ದು ನನ್ನ ಕೈ ಎಂದು ಅವನಿಗೆ ತಿಳಿಯಬೇಕು.

ಈ ನಡುವೆ ಎಲ್ಲೆಲ್ಲಿಯ ಮಕ್ಕಳೋ ಆ ಹಳೆಯ ಆಲ್ಬಂ ಹುಡುಕಿ ಅದರಂತೆಯೇ ಹಾಡು ಕಟ್ಟತೊಡಗಿದರು. ಅಂಥವರಲ್ಲಿ ಒಬ್ಬಳು, ಊರಿನ ಹುಡುಗಿ ಟ್ಯಾಮ್ಸಿನ್, ಪಬ್ಬಿನ ಮಹಡಿಯಲ್ಲಿ ಫೆರಿ ಲ್ಯಾಂಪ್ಸ್ ಸಂಜೆ ಏರ್ಪಡಿಸಿ ನೆವಿಲ್‌ನನ್ನು ಹಾಡಲು ಕರೆಸಿದಳು. ಹೇಜಲ್‌ಗೆ ಸಿಕ್ಕಿದ್ದು ನೋಡುಗರ ಮುಂದಿನ ಸಾಲಿನ ಕುರ್ಚಿ, ನುಡಿಸಲು ಯಂತ್ರವಿತ್ತಲ್ಲ. ಅವಳು ಮಧ್ಯಾಹ್ನದ ತಾಲೀಮಿಗೇ ಹೋಗಿ ಕೂತಳು.

ನೆವಿಲ್ ಕೋಲೂರಿಕೊಂಡು ಬಂದ. “ಏನೇ ಹೇಜಲ್, ಅದೇ ಹಳೇ ಕೋಟು ಹಾಕ್ಕೊಂಡಿದ್ದೀಯಾ?”

“ನಿನ್ ಕೂದ್ಲೆಲ್ಲಿ? ಲಂಡನ್ನಲ್ಲೇ ಬಿಟ್ ಬಂದ್ಯಾ?”

ಅವನು ನಕ್ಕು ಮೈಕಿನತ್ತ ಹೋದ. ಟ್ಯಾಮ್ಸಿನ್ ಮಂದ್ರ ತಾಳ ತುಂಬಿಟ್ಟ ತನ್ನ ಯಂತ್ರದ ಪೆಟ್ಟಿಗೆಯ ಗುಂಡಿ ಒತ್ತಿದಳು. ಗುಂಯ್ ಗುಂಯ್ ಶುರುವಾಯಿತು. ನೆವಿಲ್ ಸಾಲನ್ನು ತಡವಾಗಿ ಎತ್ತಿಕೊಂಡ, ಪೆಟ್ಟಿಗೆ ಮುಂದೆ ಹೋಯಿತು. ಮತ್ತೆ ಹಾಡಿದ, ಮತ್ತೆ ಹಾಗೆಯೇ. ಕೊನೆಗೆ ಬೆವರೊರೆಸಿಕೊಂಡು ಕೂತುಬಿಟ್ಟ.

“ನನ್ ಕೈಲಾಗಲ್ಲಮ್ಮ, ವಯಸ್ಸಾಯ್ತು. ಮುಂದಿನ ರೈಲಿಗೇ ಹೊರಟ್ಬಿಡ್ತೀನಿ. ಜನರೆದುರು ಮರ್ಯಾದೆ ಯಾಕೆ ಕಳ್ಕೊಳ್ಳೋದು?”

ಅವನು ಕೋಲಿಗಾಗಿ ತಡಕಾಡಿದ. ಹೇಜಲ್‌ಗೆ ನೋಡಲಾಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆ ಆರಿಸಿ, ಟ್ಯಾಮ್ಸಿನ್‌ಳ ಕೀಬೋರ್ಡಿನ ಮುಂದೆ ನಿಂತಳು. “ಹಾಡು” ಅಂದಳು.

ಅವನು ತಡವಾಗಿ ಎತ್ತಿಕೊಂಡ. ಅವಳ ಎಡಗೈ ಅಷ್ಟೇ ತಡವಾಗಿ ಇಳಿಯಿತು. ಹಾಡು ತಾನಾಗಿ ನಡೆಯಿತು.

“ಅಯ್ಯೋ, ಇದೇ!” ಟ್ಯಾಮ್ಸಿನ್ ಕೂಗಿದಳು. “ರೆಕಾರ್ಡಲ್ಲಿರೋದು ಇದೇ! ನಾವು ಎಷ್ಟು ತಿಣುಕಾಡಿದ್ರೂ ತಾಳ ಕೂರ್ತಿರ್ಲಿಲ್ಲ. ಅಂದ್ರೆ ಇದು ನಿಮ್ ಕೈಯಾ?”

ನೆವಿಲ್ ಹಾಡು ನಿಲ್ಲಿಸಿದ. “ನಂಗೋಸ್ಕರ ಕಾಯ್ತಿದ್ಯಾ?”

“ಹೂಂ.”

“ಆಗ್ಲೂ?”

“ಆಗ್ಲೂ.”

ಅವನ ಮುಖ ನಿಧಾನವಾಗಿ ಅರಳಿತು. “ಹಾಗಾದ್ರೆ ಲಂಡನ್ನಲ್ಲಿ ನಾನು ಸೋತಿದ್ದು ಈ ಕೈ ಇಲ್ದಿದ್ದಕ್ಕೇ! ನನ್ ದನೀಲಿ ಏನೂ ತಪ್ಪಿರ್ಲಿಲ್ಲ! ಹೇಜಲ್, ಇನ್ನೊಂದು ರೆಕಾರ್ಡ್ ಮಾಡೋಣ ಕಣೆ. ನೀನು ಹೀಗೇ ಹಿಡ್ಕೊಂಡ್ರೆ ಸಾಕು, ನಾನು ತೋರಿಸ್ತೀನಿ ಅವರಿಗೆಲ್ಲ!”

ಬಯಸಿದ್ದು ಸಿಕ್ಕಿತ್ತು. ಅವನಿಗೆ ತಿಳಿದಿತ್ತು. ಆದರೂ ಹೇಜಲ್ ಕೀಬೋರ್ಡಿನಿಂದ ಕೈ ತೆಗೆದಳು. ಇಷ್ಟು ವರ್ಷ ತಾನು ನಿಜವಾಗಿ ಬಯಸಿದ್ದು ಇದನ್ನಲ್ಲ ಎನಿಸಿತು.

“ನೆವಿಲ್,” ಅಂದಳು, “ಬಂದಾಗಿಂದ ನನ್ ಬಗ್ಗೆ ಒಂದ್ ಮಾತು ಕೇಳ್ಲಿಲ್ವಲ್ಲೋ. ಮದುವೆ ಆಯ್ತಾ, ಮಕ್ಕಳು ಮರಿ ಇದ್ದಾರಾ, ಹೇಗ್ ಬದುಕಿದೆ ಅಂತ.”

ನೆವಿಲ್ ಕೋಲಿನ ತುದಿ ನೋಡಿದ. “ಆಯ್ತಾ?”

“ಇಲ್ಲ.”

ಟ್ಯಾಮ್ಸಿನ್ ಟೀ ತರುತ್ತೇನೆಂದು ಕೆಳಗಿಳಿದು ಹೋದಳು. ನೆವಿಲ್ ಎರಡು ಸಲ ಕೆಮ್ಮಿದ.

“ಮೊದಲಿಂದ ಹಾಡೋಣ್ವಾ?” ಅಂದ.

ಈ ಹಾಡು ಬಿಟ್ಟರೆ ಅವಳಿಗಾದರೂ ಬೇರೆ ಏನಿತ್ತು? ಕೀಬೋರ್ಡಿನ ಮೇಲೆ ಕೈಯಿಟ್ಟಳು.