ಹೆಚ್ಚಾದ ಉಸಿರು

ನನ್ನ ಗಂಡ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ಲೋಕದಲ್ಲಿ ಇಷ್ಟೆಲ್ಲ ಕಾಯಿಲೆಗಳಿರುವಾಗ ಊದುವವರಿಗೆ ಶ್ವಾಸಕೋಶದ್ದೇ ಬರಬೇಕೇ? ಒಳಗಿಂದೊಳಗೇ ಗಟ್ಟಿಯಾಗುತ್ತ ಹೋಗುತ್ತದಂತೆ. ಮೈ ಇಳಿದಂತೆಲ್ಲ ಬ್ಯಾಂಡಿನ ಕೋಟನ್ನು ಆಗಲೇ ಎರಡು ಸಲ ಹಿಡಿದು ಹೊಲಿದುಕೊಟ್ಟಿದ್ದೆ.

"ಇದನ್ನ ವಾಸಿ ಮಾಡೋ ಔಷಧಿ ಇಲ್ಲಮ್ಮ. ಹೊಸ ಔಷಧಿಗಳ ಪ್ರಯೋಗ ಅಲ್ಲಲ್ಲಿ ನಡೀತಿರುತ್ತೆ, ವಿಚಾರಿಸಿ ನೋಡಿ," ಎಂದರು ಡಾಕ್ಟರು, ಬಾಡಿಗೆ ಮನೆ ಹುಡುಕಿಕೊಳ್ಳಿ ಎನ್ನುವ ಧಾಟಿಯಲ್ಲಿ.

ಹುಡುಕಿದೆ. ಹೊಲಿಗೆ ಯಂತ್ರದ ಪಕ್ಕದಲ್ಲೇ ಫೋನಿಟ್ಟುಕೊಂಡು ಕಂಡಕಂಡ ಆಸ್ಪತ್ರೆಗೆಲ್ಲ ಕರೆ ಮಾಡಿದೆ. ಒಂದು ಕಡೆ ವಯಸ್ಸು ಜಾಸ್ತಿಯಾಯಿತು. ಇನ್ನೊಂದು ಕಡೆ ಸಕ್ಕರೆ ಕಾಯಿಲೆ ಇರಬಾರದಂತೆ. ಮತ್ತೊಂದು ಕಡೆ ಪ್ರಯೋಗವೇ ಮುಗಿದುಹೋಗಿತ್ತು, ಅದನ್ನು ಹೇಳಲಿಕ್ಕೆ ಅವರಿಗೆ ಹದಿನೈದು ದಿನ ಬೇಕಾಯಿತು. ಕೊನೆಗೆ ಒಬ್ಬ ನರ್ಸು, "ಕರ್ಕೊಂಡು ಬನ್ನಿ ಅಮ್ಮ, ಊದಿಸಿ ನೋಡೋಣ. ಉಸಿರು ನಮ್ಮ ಲೆಕ್ಕಕ್ಕೆ ಹೊಂದಿದ್ರೆ ಸೇರಿಸ್ಕೋತೀವಿ," ಎಂದಳು. ನಾನು ಯಂತ್ರದ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಊದಿಸುತ್ತಾರೆ ಎಂಬುದು ಕಿವಿಗೆ ಬಿದ್ದದ್ದೇ ತಡ, ನನ್ನ ಗಂಡ ಹಾಸಿಗೆಯಿಂದ ಎದ್ದು ಕೂತರು. ಬ್ಯಾಂಡ್ ಮಾಸ್ತರರಿಗೆ ಹೇಳಿಕಳಿಸಿದರು. ಅವರು ಸಂಜೆಸಂಜೆಗೆ ಬಂದು ತಾಲೀಮು ಶುರುಮಾಡಿಸಿದರು.

"ಹೊಟ್ಟೆಯಿಂದ ತಗೋ, ಭುಜ ಎತ್ಬೇಡ. ಕೊನೇ ಚೂರೂ ಒಳಗೆ ಉಳಿಸ್ಬೇಡ, ಹಿಂಡಿ ತೆಗಿ!" ಎಂದು ಮಾಸ್ತರರು ಚಪ್ಪಾಳೆಯಲ್ಲಿ ಲೆಕ್ಕ ಹಾಕುವರು. ಇವರು ಕೆಮ್ಮುವರು, ಬೆವರುವರು, ಮತ್ತೆ ಊದುವರು. ಬೇಡ ಎನ್ನಲು ನನಗೇನು ಗೊತ್ತಿತ್ತು? ಚೆನ್ನಾಗಿ ಊದಿದವರನ್ನು ಸೇರಿಸಿಕೊಳ್ಳುತ್ತಾರೆ ಎಂದೇ ಮೂವರೂ ತಿಳಿದಿದ್ದೆವು. ಬ್ಯಾಂಡಿಗೆ ಹಾಗೆಯೇ ತಾನೇ ಸೇರಿಸಿಕೊಳ್ಳುವುದು!

ಕಾರ್ಯಕ್ರಮದ ದಿನ ಊದುವವನು ಬಾಯಿ ಬಿಡಬಾರದು, ಉಸಿರು ಉಳಿಸಬೇಕು ಎಂಬುದು ಬ್ಯಾಂಡಿನವರ ಕಟ್ಟಳೆ. ಆಸ್ಪತ್ರೆಗೆ ಹೋದ ದಿನವೂ ಇವರು ಬಸ್ಸಿನುದ್ದಕ್ಕೂ ಮೌನ. ನೀರು ಬೇಕಾದರೂ ಕೈಸನ್ನೆ. ಟಿಕೆಟ್ ಕೊಡುವವನು ಪಾಪ, ಮೂಗರೆಂದುಕೊಂಡು ಸೀಟು ಬಿಡಿಸಿಕೊಟ್ಟ.

ಕಿಟಕಿಯಿಲ್ಲದ ಪುಟ್ಟ ಕೋಣೆ. ನರ್ಸು ಇವರ ಮೂಗಿಗೆ ಕ್ಲಿಪ್ಪು ಹಾಕಿ, ರಟ್ಟಿನ ಕೊಳವೆ ಕೊಟ್ಟಳು. ಇವರು ಅಭ್ಯಾಸಬಲದಿಂದ ತುಟಿ ಒದ್ದೆ ಮಾಡಿಕೊಂಡು ಊದಿದರು. ಪರದೆಯ ಮೇಲೆ ಗೆರೆ ಏರಿತು. ಮೂರು ಸಲವೂ ಏರಿತು. ಇವರು ಮೀಸೆ ತೀಡಿಕೊಂಡು ನನ್ನ ಕಡೆ ನೋಡಿದರು. ನನಗೂ ಹೆಮ್ಮೆಯಿಂದ ಕಣ್ಣು ತುಂಬಿತು.

"ಜಾಸ್ತಿ ಆಯ್ತಲ್ಲ ಯಜಮಾನ್ರೆ," ಎಂದಳು ನರ್ಸು. "ಒಂದು ಮಟ್ಟಕ್ಕಿಂತ ಉಸಿರು ಇಳಿದವ್ರನ್ನ ಮಾತ್ರ ನಾವು ತಗೊಳ್ಳೋದು. ನಿಮ್ದು ಸ್ವಲ್ಪ ಮೇಲಿದೆ."

"ಅಂದ್ರೆ ಕಾಯಿಲೆ ವಾಸಿ ಆಗ್ತಿದೆಯಾ?" ಎಂದೆ.

"ಇಲ್ಲಮ್ಮ. ಕಾಯಿಲೆ ಹಾಗೇ ಇದೆ. ಇವ್ರಿಗೆ ಊದಿ ಅಭ್ಯಾಸ, ಇರೋದನ್ನೆಲ್ಲ ಹೊರಗೆ ಹಾಕಿದ್ರು."

"ಹಂಗಾದ್ರೆ ಇನ್ನೊಂದ್ಸಲ ಕಮ್ಮಿ ಊದ್ತಾರೆ ಬಿಡಿ!"

"ತಡೆದು ಊದಿದ್ರೆ ಗೆರೆ ನೋಡಿದ್ರೇ ಗೊತ್ತಾಗತ್ತೆ. ಇನ್ನು ಒಂದೇ ಜಾಗ ಉಳಿದಿದೆ ಅಮ್ಮ. ಉಸಿರು ಇಳೀತು ಅನ್ನಿಸಿದ ತಕ್ಷಣ ಫೋನ್ ಮಾಡಿ." ಅವಳ ಮೇಲೆ ರೇಗೋಣವೆಂದರೆ ಅವಳ ಕಣ್ಣೂ ಒದ್ದೆಯಾಗಿತ್ತು. ಬರುವಾಗ ಬಸ್ಸಿನಲ್ಲಿಯೂ ಇವರು ಮಾತಾಡಲಿಲ್ಲ.

ಆಮೇಲೆ ಮನೆಯಲ್ಲಿ ಹೊಸ ತಾಲೀಮು ಶುರುವಾಯಿತು. ಮೆರವಣಿಗೆಯ ಹಾಡೊಂದರಲ್ಲಿ ಒಂದು ಉದ್ದನೆಯ ಸಾಲಿದೆ, ಇವರು ಅದನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. ಬೆಳಗೆದ್ದು ಅದನ್ನೇ ಊದಿ ಅಳೆಯುವುದು. ನಾನು ಯಂತ್ರ ನಿಲ್ಲಿಸಿ, ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಸಾಲು ಮುರಿಯಲಿ, ಮುರಿಯಲಿ ಎನ್ನುತ್ತಿದ್ದೆ. ಸರಾಗವಾಗಿ ಮುಗಿದಾಗ ಎದೆ ಕುಸಿಯುತ್ತಿತ್ತು. ಗಂಡನ ಉಸಿರು ಇಳಿಯಲೆಂದು ಹಾರೈಸುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಸಾಲು ನಡುವೆಯೇ ಕಡಿದುಹೋಯಿತು. ಮತ್ತೆ ಊದಿದರು, ಅಲ್ಲೇ ನಿಂತಿತು. ಬಾಗಿಲ ಹತ್ತಿರ ಬಂದು ಚೌಕಟ್ಟು ಹಿಡಿದು ನಿಂತರು. ತುಟಿ ನೀಲಿಗಟ್ಟಿತ್ತು, ಮುಖದಲ್ಲಿ ಗೆದ್ದವರ ನಗು.

"ಕಮ್ಮಿ ಆಯ್ತು ಕಣೇ! ಫೋನ್ ಮಾಡು, ಫೋನ್ ಮಾಡು!"

ಮಾಡಿದೆ. ನರ್ಸು ನನ್ನ ದನಿ ಗುರುತಿಸಿದಳು.

"ಹೋದ ವಾರವೇ ಆ ಜಾಗ ತುಂಬಿಹೋಯ್ತು ಅಮ್ಮ. ಈಗ ಯಾರನ್ನೂ ತಗೊಳ್ತಾ ಇಲ್ಲ."

ಇವರು ಆಗಲೇ ಕ್ಲಾರಿನೆಟ್ ಬಿಚ್ಚಿ, ಒಂದೊಂದೇ ತುಂಡನ್ನು ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. ಆಮೇಲೆ ಎದ್ದು ಗೂಟದ ಮೇಲಿನ ಕೋಟು ತೆಗೆದುಕೊಂಡರು.

"ಯಾವಾಗ ಬರ್ಬೇಕಂತೆ?" ಎಂದು ಕೈಸನ್ನೆಯಲ್ಲೇ ಕೇಳಿದರು. ಉಸಿರು ಉಳಿಸುತ್ತಿದ್ದರು.

ಫೋನು ಆಗಲೇ ಕಟ್ಟಾಗಿತ್ತು. ನಾನು ಅದನ್ನು ಕಿವಿಯಿಂದ ತೆಗೆಯಲಿಲ್ಲ. "ಹೂಂ, ಹೂಂ," ಎನ್ನುತ್ತಲೇ ಇದ್ದೆ.