ಒಣಗಲು ಹಾಕಿದ ಶಿವದಾರ

ಕನ್ನಡಿಯಲ್ಲಿ ಅವ್ವನ ಎಡ ಅಂಗೈ, ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ತೆರೆದು ಬಿದ್ದಿದೆ, ಖಾಲಿ — ಕನ್ನಡಿ ಸಾಕು, ರಸ್ತೆ ನೋಡಬೇಕು ನಾನು, ಎಡಕ್ಕೆ ಸರೋವರ, ಬಲಕ್ಕೆ ಗುಡ್ಡ, ಇಂಥ ನೀಲಿ ನ್ಯೂಜಿಲೆಂಡಿಗೇ ಬರಬೇಕು ಅಂತ ನಿನ್ನೆ ಅಂದಿದ್ದೆ, ಈಗ ಅದೇ ನೀರು ವ್ಯಾನಿನ ಜೊತೆ ಹಿಂದಕ್ಕೆ ಓಡುತ್ತಿದೆ, ಬೆಳಿಗ್ಗೆ ಬಿಟ್ಟು ಬಂದ ಕ್ಯಾಂಪಿನ ಕಡೆಗೆ. ಕೊಳ್ಳಾಗಿನ ಶಿವದಾರ ಒದ್ದಿ ಆಗಿತ್ತವಾ, ಅಂದಿದ್ದಳು ಅವ್ವ, ಒದ್ದಿದು ಎದಿಗಿ ತಾಗಿದ್ರ ಕೆಮ್ಮ ಬರತೈತಿ ಅಂತ ನೀನ ಅಂದಿ, ಅದಕ್ಕ ಪೂಜಿ ಮುಗಿಸಿ ಕರಡಿಗಿ ಸಮೇತ ಪೊದಿಗಿ ಹಾಕಿದ್ನಿ, ಬಿಸಲಾಗ ಒಂದೀಟು ಆರ್ಲಿ ಅಂತ — ಅಷ್ಟರಲ್ಲಿ ನಾನು ಹಾರ್ನ್ ಹೊಡೆದೆ, ಅವಳು ಅವಸರದಲ್ಲಿ ಹತ್ತಿದಳು, ಬೆಳ್ಳಿ ಕರಡಿಗೆಯೊಳಗಿನ ಇಷ್ಟಲಿಂಗ ಪೊದೆಯಲ್ಲೇ ಉಳಿಯಿತು. ಗೊತ್ತಾದದ್ದು ಮುಂದಿನ ಊರಿನ ಬೇಕರಿ ಎದುರು, ಇನ್ಸುಲಿನ್ ಚುಚ್ಚಿಯಾದ ಮೇಲೆ, ಬನ್ನಿನ ತುಂಡು ಲಿಂಗಕ್ಕೆ ಮುಟ್ಟಿಸಲು ಎದೆಯ ಹತ್ತಿರ ಹೋದ ಕೈ ಅಲ್ಲೇ ನಿಂತಿತು. ಇನ್ಸುಲಿನ್ ಆದ ಅರ್ಧ ತಾಸಿನೊಳಗ ಊಟ ಆಗಬೇಕ್ರಿ, ನಮ್ಮೂರಿನ ನೆಹರು ನಗರದ ಡಾಕ್ಟರು, ನನ್ನ ಮುಖ ನೋಡಿ ಹೇಳಿದ್ದರು, ಅವ್ವನ ಮುಖವನ್ನಲ್ಲ, ಅವರಿಗೂ ಗೊತ್ತು, ಲಿಂಗಕ್ಕೆ ಮುಟ್ಟಿಸದೆ ಅವಳು ಏನನ್ನೂ ಬಾಯಿಗಿಡುವವಳಲ್ಲ. ಅತ್ತಿ, ಲಿಂಗ ಮನಸಿನ್ಯಾಗ ಐತಿ ಅಂತ ತಿಳ್ಕೊಂಡು ಒಂದ್ ಚಮಚ ಸಕ್ರಿ ತಿನ್ರಿ, ವಿನಯ, ನನ್ನ ಗಂಡ, ಬೇಡಿಕೊಳ್ಳುವ ದನಿಯಲ್ಲಿ. ಮನಸಿನ್ಯಾಗ ಊಟಾನೂ ಐತ್ರಿ ಅಳಿಯಂದ್ರ, ಅದನ್ನ ಉಂಡೀನಿ ತೊಗೋರಿ. ಆಗ ನಗು ಬಂದಿತ್ತು, ಈಗ ಅವಳ ಹಣೆಯ ಮೇಲೆ ಬೆವರು, ಈ ಚಳಿಯಲ್ಲಿ.

ಹೆದರಿಕೆ ಇದೆ, ಇರಲಿ, ಅದು ಹಿಂದೆ ಕೂತಿದೆ, ಸ್ಟೇರಿಂಗ್ ನನ್ನ ಕೈಯಲ್ಲಿದೆ, ಈ ಕೈ ಆಟೋ ನಗರದಲ್ಲಿ ಕಲಿತದ್ದು, ಅಪ್ಪ ಈರಯ್ಯನ ಗ್ಯಾರೇಜಿನಲ್ಲಿ, ರಿಪೇರಿಯಾದ ಟೆಂಪೋಗಳನ್ನು ಖಾನಾಪುರದವರೆಗೆ ಓಡಿಸಿ ನೋಡುವುದು ಕಾಲೇಜು ಬಿಟ್ಟ ಮೇಲೆ ನನ್ನ ಕೆಲಸ, ಬಾಜೂಕ ಅಪ್ಪ ಎಲಿ ಅಡಿಕಿ ಜಗಿಯುತ್ತ — ಮುಂದೆ ಸೇತುವೆ, ಒಂದೇ ಗಾಡಿ ಹಿಡಿಯುವಷ್ಟು, ಆಚೆಯಿಂದ ಮರದ ದಿಮ್ಮಿಗಳ ಲಾರಿ, ದೇಸೂರಿನ ತಿರುವಿನಲ್ಲೂ ಹೀಗೆಯೇ ಒಂದು ಬರುತ್ತಿತ್ತು, ಅಪ್ಪ ಅನ್ನುತ್ತಿದ್ದ, ಎದರಿಗಿನ ಲಾರಿ ನಿಮ್ಮ ಸೋದರಮಾವ ಅಲ್ಲ, ದಾರಿ ಬಿಡೂದಿಲ್ಲ, ನೀನ ನೋಡಿ ನಡಿ. ನೋಡಿದೆ, ನಿಂತೆ, ಲಾರಿ ದಾಟಿತು, ಡ್ರೈವರ್ ಕೈ ಎತ್ತಿದ, ನಾನೂ ಎತ್ತಿದೆ, ಗೇರ್. ಅವ್ವಾ, ಏನರ ಮಾತಾಡು. ಹ್ಞೂಂ, ಅಂದಳು, ನಾಲಿಗೆ ದಪ್ಪಗಾದಂತೆ, ಅಂಗೈ ನಡುಗುತ್ತಿದೆ, ಖಾಲಿ ಅಂಗೈ. ವಿನಯ, ಸಕ್ರಿ ನೀರು ಕಲಿಸಿಟ್ಕೊ, ಕರಡಿಗಿ ಸಿಗಲಿಲ್ಲ ಅಂದ್ರ ನಾನ ಬಾಯಾಗ ಹಾಕಾಕಿ, ಅವ್ವ ಜನ್ಮಪೂರ್ತಿ ಮಾತಾಡ್ಸದಿದ್ರೂ ಸೈ — ಅಂದೇಬಿಟ್ಟೆ, ಅವಳಿಗೆ ಕೇಳಿಸಿತು, ಕಣ್ಣು ಮುಚ್ಚಿಕೊಂಡಳು.

ಕ್ಯಾಂಪಿನ ಗೇಟು, ಜಲ್ಲಿಕಲ್ಲು, ನಮ್ಮ ಜಾಗದಲ್ಲಿ ಬೇರೆ ಯಾರದೋ ವ್ಯಾನು, ಪೊದೆಯ ತುಂಬ ಅವರ ಕೆಂಪು ಕಾಲುಚೀಲ, ಓಡಿದೆ, ಎರಡು ಕಾಲುಚೀಲದ ನಡುವೆ ಬೆಳ್ಳಿ, ಬಿಸಿಲಿಗೆ ಬೆಚ್ಚಗಾಗಿ ತೂಗುತ್ತಿತ್ತು, ದಾರ ಹಿಡಿದು ತಂದೆ, ಬಾಗಿಲಲ್ಲೇ ಕೊಟ್ಟೆ. ಮುಚ್ಚಳ ಅವಳ ಬೆರಳಿಗೆ ಬರುತ್ತಿಲ್ಲ, ಅವಳ ಲಿಂಗ, ನಾನು ತೆರೆಯುವಂತಿಲ್ಲ, ಮಣಿಕಟ್ಟು ಮಾತ್ರ ಹಿಡಿದೆ, ಗಟ್ಟಿಯಾಗಿ, ನಡುಕ ನನ್ನ ಕೈಗೆ ಬರಲಿ — ಟಕ್ ಅಂತ ತೆರೆಯಿತು. ಬನ್ನಿನ ಚೂರು ಮೊದಲು ಅದಕ್ಕೆ, ಆಮೇಲೆ ಬಾಯಿಗೆ, ಸಕ್ಕರೆ ನೀರು, ಇನ್ನೊಂದು ಗುಟುಕು, ವಿನಯ ಲೋಟ ಹಿಡಿದಿದ್ದಾನೆ, ಬಹಳ ಹೊತ್ತಿನ ಮೇಲೆ ಅವ್ವನ ದನಿ, ಅವಳದೇ ದನಿ, ಇನ್ನ ಹಾರ್ನ್ ಹೊಡದಿ ಅಂದ್ರ ನೋಡು. ಹೊಡೆಯುವುದಿಲ್ಲ, ಕೀಲಿಯನ್ನೂ ತಿರುಗಿಸುವುದಿಲ್ಲ, ಸ್ಟೇರಿಂಗ್ ಮುಂದೆ ಸುಮ್ಮನೆ ಕೂತಿದ್ದೇನೆ, ಸರೋವರ ಎಲ್ಲಿಗೂ ಓಡುತ್ತಿಲ್ಲ, ಕನ್ನಡಿಯಲ್ಲಿ ಎಡ ಅಂಗೈ, ಅದರ ನಡುವೆ ಕಪ್ಪು ಲಿಂಗ, ಲಿಂಗದ ಮೇಲೆ ಬನ್ನಿನ ಒಂದು ಚೂರು, ಅಲುಗದೆ